ತತ್ವಶಾಸ್ತ್ರದ ಪರೀಕ್ಷೆಯಲ್ಲಿ ಅಜ್ಜಿ

ಜೂನ್ ತಿಂಗಳ ಮಧ್ಯಾಹ್ನ. ಫ್ರಾನ್ಸಿನ ಕ್ಯಾಂಪೇರ್ ಊರಿನ ಬಸ್ಸಿನಲ್ಲಿ ಜಿಸ್ಲೆನ್ ಕೂತಿದ್ದಳು. ಮೂವತ್ತು ವರ್ಷ ಮಕ್ಕಳಿಗೆ ತತ್ವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಮುಂದಿನ ಸೀಟಿನಲ್ಲಿ ಬಣ್ಣ ಮೆತ್ತಿದ ಕೆಲಸದ ಬಟ್ಟೆಯ ಅಪ್ಪ, ತತ್ವಶಾಸ್ತ್ರದ ಪರೀಕ್ಷೆ ಮುಗಿಸಿ ಬಂದ ಮಗಳು.

"ಪ್ರಶ್ನೆ ಏನು ಕೊಟ್ಟಿದ್ರು, ನೊಲ್ವೆನ್?"

"ಆಧುನಿಕರಾಗೋದು ಅಂದ್ರೆ ಹಳೇದನ್ನ ಬಿಡೋದಾ, ಅಂತ."

ಎಷ್ಟೋ ತರಗತಿಗಳಿಗೆ ಇದರ ಉತ್ತರವನ್ನು ತಾನೇ ಬರೆಸಿದ್ದ ಜಿಸ್ಲೆನ್ ಕಿವಿ ನಿಮಿರಿಸಿದಳು.

"ದೊಡ್ಡ ದೊಡ್ಡೋರ ಹೆಸರೆಲ್ಲ ಹಾಕ್ದೆ ತಾನೆ?"

"ಇಬ್ಬರದು ಹಾಕ್ದೆ. ಆಮೇಲೆ ಅಜ್ಜಿ ವಿಷಯ ಬರೆದೆ."

"ನಮ್ಮಮ್ಮಂದಾ? ಕಾರ್ಖಾನೇಲಿ ಮೀನು ಡಬ್ಬಿಗೆ ತುಂಬ್ತಿದ್ದೋಳು ಕಣೇ ಅವಳು. ಅಂಕ ಹೋಯ್ತು ಬಿಡು."

"ಹತ್ತೊಂಬತ್ತನೇ ವಯಸ್ಸಿಗೇ ಜಡೆ ಕತ್ತರಿಸಿಕೊಂಡ್ಳಲ್ಲ. ಮುತ್ತಜ್ಜ ಒಂದು ವರ್ಷ ಮಾತಾಡಿಸಲಿಲ್ಲ."

"ಅದು ಊರಿಗೇ ಗೊತ್ತು."

"ಆ ಜಡೇನ ಸಾಯೋತನಕ ಇಟ್ಕೊಂಡಿದ್ಳು. ಕತ್ತರಿಸಿದ್ದೂ ಅವಳೇ, ಕಾಪಾಡಿದ್ದೂ ಅವಳೇ. ಆಧುನಿಕತೆ ಅಂದ್ರೆ ಅದೇ ಅಂತ ಬರೆದೆ."

ಅಪ್ಪ ಕಿಟಕಿಯತ್ತ ತಿರುಗಿದ.

"ಇಟ್ಕೊಂಡಿದ್ಳಾ? ಬೆಂಕಿಗೆ ಹಾಕ್ದೆ ಅಂದಿದ್ಳು ನಂಗೆ."

"ನೀನು ನಗ್ತೀಯಾ ಅಂತ ಹೇಳಿಲ್ಲ. ಹೋಗೋ ಮುಂಚೆ ನನ್ನ ಕೈಗೆ ಕೊಟ್ಳು."

"ಎಲ್ಲಿದೆ?"

"ನನ್ನ ರೂಮಲ್ಲಿ."

ಬಸ್ಸು ನಿಂತಿತು. ಅಪ್ಪ ಮಗಳ ಚೀಲವನ್ನು ತಾನೇ ಎತ್ತಿಕೊಂಡ. ಇಳಿಯುತ್ತಾ, ಯಾರಿಗೂ ಕೇಳಿಸದು ಅಂದುಕೊಂಡು ಅವನು ಮಗಳನ್ನು ಕೇಳಿದ್ದು ಜಿಸ್ಲೆನ್‌ಗೆ ಕೇಳಿಸಿತು.

"ಯಾವ ಬಣ್ಣ ಇತ್ತೇ ಅವಳ ಕೂದಲು? ನಂಗೆ ನೆನಪಿರೋದೆಲ್ಲ ಬಿಳೀನೇ."