ಮುಖ ಕಾಣದವಳ ಹಾಜರಿ

ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ ನಮ್ಮ ಮುಖ್ಯೋಪಾಧ್ಯಾಯರೇ, ಆಡಳಿತ ಮಂಡಳಿಯ ಹಿರಿಯರೇ, ಸಹೋದ್ಯೋಗಿಗಳೇ, ಇವತ್ತಾದರೂ ಪೂರ್ತಿ ಮೈಯೊಂದಿಗೆ ಬಂದು ಕುಳಿತಿರುವ ಪ್ರಿಯ ಸಭಿಕರೇ,

'ಅತ್ಯಂತ ಕಾಳಜಿಯುಳ್ಳ ಆನ್‌ಲೈನ್ ಶಿಕ್ಷಕಿ' ಎಂಬ ಬಿರುದನ್ನು ನನಗೆ ಕೊಟ್ಟಿದ್ದೀರಿ. ಸಂತೋಷ. ಎರಡು ಮಾತು ಸಾಕು ಎಂದು ನಿರೂಪಕರು ಕಿವಿಯಲ್ಲಿ ಹೇಳಿದ್ದಾರೆ. ನಾನು ಗಣಿತದವಳು, ಎರಡಕ್ಕೆ ನಿಲ್ಲಿಸುವ ಅಭ್ಯಾಸವಿಲ್ಲ.

ಕಾಳಜಿ ಎಂದರೇನು? ನಮ್ಮ ಶಾಲೆಯ ಸುತ್ತೋಲೆಯ ಪ್ರಕಾರ, ಪಾಠಕ್ಕೆ ಮೊದಲು 'ಹೇಗಿದ್ದೀರಿ ಮಕ್ಕಳೇ?' ಎಂದು ಕೇಳುವುದು. ಮಕ್ಕಳು ಹೆಬ್ಬೆರಳಿನ ಚಿತ್ರ ಒತ್ತುವುದು. ಜ್ವರ ಬಂದವನದೂ ಹೆಬ್ಬೆರಳು, ಅತ್ತು ಬಂದವಳದೂ ಹೆಬ್ಬೆರಳು. ನಮ್ಮ ಮನೆಯವರೂ ಹಾಗೆಯೇ. ಪೇಪರಿನಿಂದ ತಲೆ ಎತ್ತದೆ 'ಊಟ ಆಯ್ತಾ?' ಎನ್ನುತ್ತಾರೆ. ಉಂಡ ದಿನವೂ 'ಆಯ್ತು' ಎನ್ನುತ್ತೇನೆ, ಉಪವಾಸವಿದ್ದ ದಿನವೂ 'ಆಯ್ತು' ಎನ್ನುತ್ತೇನೆ. ಇರಲಿ, ಅದು ಇಲ್ಲಿಗೆ ಬೇಡದ ವಿಷಯ.

ಸುತ್ತೋಲೆಯ ಇನ್ನೊಂದು ಮಾತು: ಕ್ಯಾಮೆರಾ ತೆರೆಯದವರಿಗೆ ಗೈರುಹಾಜರಿ. ಯಾಕೆ? 'ಮುಖ ನೋಡದೆ ಕಾಳಜಿ ಮಾಡೋದು ಹೇಗಮ್ಮಾ?' ಎಂದು ಇದೇ ಅಧ್ಯಕ್ಷರು ಕೇಳಿದ್ದರು. ಸರಿ, ಮುಖ ನೋಡಿದೆ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನು ನನ್ನ ತರಗತಿ ಕಲಿತುಕೊಂಡಿತು. ಒಬ್ಬ ಮಹಾನುಭಾವ ಕ್ಯಾಮೆರಾದ ಮುಂದೆ ತನ್ನ ಫೋಟೊ ನಿಲ್ಲಿಸಿ ಆಡಲು ಹೋಗುತ್ತಿದ್ದ. ಅವನಿಗೆ ಪೂರ್ತಿ ಹಾಜರಿ!

ಒಬ್ಬಳು ಮಾತ್ರ ಕ್ಯಾಮೆರಾ ತೆರೆಯಲೇ ಇಲ್ಲ. ಲೆಕ್ಕ ಕೊಟ್ಟರೆ ಮೊದಲ ಉತ್ತರ ಅವಳದೇ. ಉತ್ತರದ ಹಿಂದೆ ನಲ್ಲಿ ತೊಟ್ಟಿಕ್ಕುವ ಸದ್ದು. ಅವಳ ತಾಯಿಗೆ ಫೋನ್ ಮಾಡಿದೆ. 'ಇರೋದೊಂದೇ ರೂಮು ಮೇಡಂ. ಅವರಪ್ಪ ರಾತ್ರಿ ಪಾಳಿ ಮುಗಿಸ್ಕೊಂಡು ಬಂದು ಮಲಗಿರ್ತಾರೆ. ಇವಳು ಬಚ್ಚಲಲ್ಲಿ ಬಕೆಟ್ ಬೋರಲು ಹಾಕ್ಕೊಂಡು ಕೂತ್ಕೋತಾಳೆ. ಅದನ್ನ ಎಲ್ರಿಗೂ ತೋರ್ಸೋಕಾಗುತ್ತಾ?' ಎಂದರು. ಇಲ್ಲಿ ಹೇಳಬಹುದೇ ಎಂದು ಅವಳನ್ನೇ ಕೇಳಿದ್ದೇನೆ. 'ಹೇಳಿ ಮೇಡಂ, ನಂಗೆ ಪರೀಕ್ಷೆ ಬರೆಯೋಕೆ ಬಿಟ್ರೆ ಸಾಕು' ಎಂದಿದ್ದಾಳೆ.

ಅಧ್ಯಕ್ಷರಿಗೆ ಹೇಳಿದೆ. ಮತ್ತೆ ಹೇಳಿದೆ. ಮತ್ತೂ ಹೇಳಿದೆ. 'ಒಬ್ಬರಿಗೆ ಬಿಟ್ರೆ ಎಲ್ರಿಗೂ ಬಿಡ್ಬೇಕಾಗುತ್ತೆ' ಎಂದರು. ಗೋರ್ಕಲ್ಲ ಮೇಲೆ ಮಳೆ ಗರೆದಂತಾಯಿತು. ಹಿರಿಯರು ಕ್ಷಮಿಸಬೇಕು, ನನಗೆ ಸಾಕಾಗಿದೆ.

ಒಂದು ದಿನ ಪಾಠದ ನಡುವೆ ನನಗೊಬ್ಬಳಿಗೇ ಅವಳ ಸಂದೇಶ ಬಂತು: 'ಮೇಡಂ, ನಿಮ್ಮ ದನಿ ಸೋತಿದೆ. ಊಟ ಮಾಡಿಲ್ವಾ?' ಮಾಡಿರಲಿಲ್ಲ. ಮನೆಯಲ್ಲಿ ಮಾತು ನಿಂತು ವಾರವಾಗಿತ್ತು. ನನ್ನ ಮುಖವನ್ನು ತರಗತಿಯೆಲ್ಲ ನೋಡುತ್ತಿತ್ತು, ಮನೆಯವರೂ ನೋಡುತ್ತಿದ್ದರು. ಕೇಳಿದವಳು ಇವಳೊಬ್ಬಳು. ಅಂದು ನನಗೆ ಅಳು ಬಂತು. ಮೊದಲ ಬಾರಿಗೆ ಕ್ಯಾಮೆರಾ ಆರಿಸಿದೆ. ನನಗೇನೂ ಗೈರುಹಾಜರಿ ಬೀಳಲಿಲ್ಲ.

'ಇವರ ತರಗತಿಯಲ್ಲಿ ಪ್ರತಿಯೊಂದು ಮುಖವೂ ಕಾಣುತ್ತಿತ್ತು, ಅದಕ್ಕೇ ಈ ಪ್ರಶಸ್ತಿ' ಎಂದು ನಿರೂಪಕರು ಈಗಷ್ಟೇ ಓದಿದರು. ಕಾಣದವಳನ್ನು ಲೆಕ್ಕದಿಂದಲೇ ತೆಗೆದುಹಾಕಿದ ಮೇಲೆ ಮಿಕ್ಕವರೆಲ್ಲ ಕಾಣದೆ ಏನು? ಹಾಜರಿ ಸಾಲದೆಂದು ನಾಳೆಯ ಪರೀಕ್ಷೆಗೆ ಅವಳಿಗೆ ಪ್ರವೇಶವಿಲ್ಲ. ಅದೇ ಲೆಕ್ಕದಿಂದ ನನಗೆ ಪ್ರಶಸ್ತಿ, ಅವಳಿಗೆ ಶಿಕ್ಷೆ. ಯಾವ ಮುಖ ಹೊತ್ತು ಇದನ್ನು ಮನೆಗೆ ಒಯ್ಯಲಿ?

ನಾಳೆ ಬೆಳಿಗ್ಗೆ ಅವಳ ಕೈ ಹಿಡಿದು ಶಾಲೆಯ ಬಾಗಿಲಿಗೆ ಬರುತ್ತೇನೆ. ತಡೆಯುವುದಾದರೆ ಇಬ್ಬರನ್ನೂ ತಡೆಯಬೇಕಾಗುತ್ತದೆ.

ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದ ನಿರೂಪಕರಿಗೂ, ಎದ್ದು ಹೋಗದ ನಿಮಗೂ ಕೃತಜ್ಞತೆಗಳು. ಅಧ್ಯಕ್ಷರೇ, ಉತ್ತರ ಇಲ್ಲಿ ಬೇಡ. ನಾಳೆ, ಅವಳ ಮುಖ ನೋಡಿಕೊಂಡು ಹೇಳಿ. ನಮಸ್ಕಾರ.