ಮಾಸ್ಟರ ಹೊಟ್ಟೆಯ ಅಳತೆ

ಅಕ್ಕಾ, ಮಾಸ್ಟರ ಮನೆಯವರೇ, ಅಂಗಡಿಯ ಬಂಧುಗಳೇ, ತಮ್ಮ ಹೊಟ್ಟೆ ಬೆಳೆದದ್ದಕ್ಕೆ ನಮ್ಮ ಹೊಲಿಗೆಯನ್ನು ದೂರಿದ ಗಿರಾಕಿ ಮಹಾಶಯರೇ — ಎಲ್ಲರಿಗೂ ನಮಸ್ಕಾರ.

ನಾನು ಕಾಲರ್ ಹೊಲಿಯುವವನು. ನಮ್ಮ ಕಟಿಂಗ್ ಮಾಸ್ಟರ ಬಗ್ಗೆ ಮಾತಾಡಲು ಹಿರಿಯರು ಬೇಕಾದಷ್ಟಿದ್ದಾರೆ. ಆದರೆ ಒಂದು ವಿಷಯ ನಾನೇ ಹೇಳಬೇಕು.

ಪ್ರತಿ ತಿಂಗಳ ಮೊದಲ ಸೋಮವಾರ ನಾನು ಅವರ ಹೊಟ್ಟೆ ಅಳೆಯುತ್ತಿದ್ದೆ. ಟೇಪು ಎತ್ತಿ ಹಿಡಿದು — ಹೀಗೆ — ಘೋಷಣೆ: “ಮಹಾಜನಗಳೇ, ಸಾಮ್ರಾಜ್ಯ ಅರ್ಧ ಇಂಚು ವಿಸ್ತರಿಸಿದೆ!” ಆಮೇಲೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು, ಅಳತೆ.

“ಲೋ ಕೋತಿ, ಊಟ ಆದ್ಮೇಲೇ ಅಳೀತೀಯಲ್ಲೋ!” ಎಂದು ಬಯ್ಯುತ್ತಿದ್ದರು. ಗಿರಾಕಿಗಳಿಗೆ, “ಉಸಿರು ಬಿಡಿ ಸಾರ್, ಟೇಪಿಗೆ ಸುಳ್ಳು ಹೇಳ್ಬೇಡಿ” ಎನ್ನುತ್ತಿದ್ದ ಮನುಷ್ಯ, ತಮ್ಮ ಸರದಿ ಬಂದಾಗ ಹೊಟ್ಟೆಯನ್ನು ಬೆನ್ನಿಗೆ ಅಂಟಿಸುತ್ತಿದ್ದರು.

ಒಂದು ಸೋಮವಾರ ಉಸಿರೆಳೆದರು — ಎಡಗಡೆ ಒಳಗೆ ಹೋಗಲಿಲ್ಲ. ಹಳೆಯ ಆಪರೇಷನ್ನಿನ ಕಲೆಯ ಪಕ್ಕ, ಗಟ್ಟಿಯಾಗಿ. “ಏನ್ ಮಾಸ್ಟರೇ, ಡಾಕ್ಟ್ರು ಒಳಗೆ ಗುಂಡಿ ಡಬ್ಬಿ ಬಿಟ್ಟಿದಾರಾ?” ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ನಾನು ಬರೆದೆ — ಮುಕ್ಕಾಲು ಇಂಚು.

ಕರುಳಿನ ಆ ಆಪರೇಷನ್ ಆಗಿ ಹದಿನೇಳು ವರ್ಷ. ಮುಗಿದ ಕತೆ ಎಂದುಕೊಂಡಿದ್ದೆವು. ನೋವು ತಡೆಯಲಾರದೆ ಆಸ್ಪತ್ರೆಗೆ ಹೋದಾಗ ಗೆಡ್ಡೆ ಎಂದರು. ಬಲು ಅಪರೂಪದ್ದಂತೆ, ಆಪರೇಷನ್ ಆದ ಜಾಗದಲ್ಲಿ ಇಷ್ಟು ವರ್ಷದ ಮೇಲೂ ಬರುತ್ತದಂತೆ. “ಯಾವಾಗ ಶುರುವಾಯ್ತು?” ಡಾಕ್ಟರು ಕೇಳಿದರು. ಅವರ ಕೈಹಿಡಿದ ಅಕ್ಕನಿಗೆ ಗೊತ್ತಿಲ್ಲ. ಮಾಸ್ಟರಿಗೂ ಗೊತ್ತಿಲ್ಲ. ನನಗೆ — ಗೊತ್ತಿತ್ತು. ಗೋಡೆಯ ಫೋಟೊ ತೋರಿಸಿದೆ. ಆ ಸೋಮವಾರದಿಂದ ಹದಿನಾಲ್ಕು ತಿಂಗಳು, ಹದಿನಾಲ್ಕು ಸಾಲು. ಡಾಕ್ಟರು ಒಂದೊಂದನ್ನೂ ಓದಿದರು. ನಗಲಿಲ್ಲ.

“ಮೊದಲೇ ಬಂದಿದ್ರೆ?” ಎಂದೆ.

“ಹೇಳಕ್ಕಾಗಲ್ಲಪ್ಪ.”

ಉಳಿಯುತ್ತಿದ್ದರು ಎಂದಿದ್ದರೆ ಅತ್ತುಬಿಡುತ್ತಿದ್ದೆ. ಉಳಿಯುತ್ತಿರಲಿಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಎರಡೂ ಹೇಳಲಿಲ್ಲ.

ಗೆಡ್ಡೆ ಕರುಳಿಗೇ ಸುತ್ತಿಕೊಂಡಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದವರಿಗೆ ಡಾಕ್ಟರು, “ಇದನ್ನ ಕತ್ತರಿಸೋಕಾಗಲ್ಲ” ಎಂದರು.

ಕೊನೆಯ ವಾರ ಮಂಚದ ಮೇಲಿಂದಲೇ ಕೇಳಿದರು, “ಟೇಪ್ ಇದೆಯೇನೋ? ಅಳೆಯೋ.” ಕೊರಳಲ್ಲೇ ಇತ್ತು. ಅಳೆದೆ. ಈ ಸಲ ಅವರು ಉಸಿರೆಳೆದುಕೊಳ್ಳಲಿಲ್ಲ. “ಎಷ್ಟು?” ಎಂದರು. ನಾನು — ಎರಡು ಇಂಚು ಕಡಿಮೆ ಹೇಳಿದೆ.

“ಟೇಪಿಗೆ ಸುಳ್ಳು ಹೇಳ್ಬೇಡ ಕಣೋ” ಎಂದರು.

ಅಕ್ಕಾ, ಗೋಡೆ ಒರೆಸಲು ಎರಡು ಸಲ ಒದ್ದೆ ಬಟ್ಟೆ ಹಿಡಿದು ನಿಂತೆ. ಕೈ ಏಳಲಿಲ್ಲ. ಒರೆಸಲೋ ಬೇಡವೋ, ನೀವು ಹೇಳಿದ ಹಾಗೆ ಮಾಡುತ್ತೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಾಸ್ಟರ ಮುಂದೆ ಅಳತೆಗೆ ನಿಲ್ಲುತ್ತಿದ್ದಿರಲ್ಲ — ಹಾಗೆ, ಕೈ ಇಳಿಬಿಟ್ಟು. ಒಂದು ನಿಮಿಷ, ಮಾತಿಲ್ಲದೆ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ.

ಉಸಿರು ಬಿಡಿ.