ಮನೆಯಿಂದ ತಂದ ಉದಾಹರಣೆ

ಬಸ್ಸಿನ ಸಾಲಿನಲ್ಲಿ ಮುಂದೆ ನಿಂತಿದ್ದ ಇಂಗ್ಲಿಷ್ ಮೇಡಂ ಮತ್ತು ಪೇಂಟರನ ಮಾತಿಗೆ ಹೊಲಿಗೆಯವಳು ಬೇಡವೆಂದರೂ ಕಿವಿಯಾದಳು.

“ಮಗಳ ನೋಟ್‌ಬುಕ್ಕಲ್ಲಿ ವೆರಿ ಗುಡ್ ಅಂತ ಬರೆದಿದೀರಿ, ಮೇಡಂ.”

“ಯಾವುದಕ್ಕಪ್ಪಾ?”

“ಬ್ಲ್ಯಾಕ್ ಶೀಪ್ ಅಂದ್ರೆ ಮನೆ ಮರ್ಯಾದೆ ಕಳೆಯೋನು, ಉದಾಹರಣೆಗೆ ನಮ್ಮಪ್ಪ ಅಂತ ಬರೆದಿದಾಳಲ್ಲ, ಅದಕ್ಕೆ.”

ಮೇಡಂ ಚೀಲದ ಹಿಡಿ ತಿರುಚತೊಡಗಿದರು. “ನುಡಿಗಟ್ಟು ಬೇಗ ಅರ್ಥವಾಗ್ಲಿ ಅಂತ, ಮನೆಯಿಂದಲೇ ಉದಾಹರಣೆ ತನ್ನಿ ಅಂದಿದ್ದೆ.”

“ನಾನು ಕುಡಿಯೋದು ಬಿಟ್ಟು ವರ್ಷ ಆಯ್ತು. ಅದನ್ನ ಅವಳು ಬರೆದಿಲ್ಲ ನೋಡಿ, ತಾಯಿ. ಎಲ್ಲರ ಮುಂದೆ ಓದಿದ್ಲಾ?”

“ಓದಿದ್ಲು. ಚಪ್ಪಾಳೆ ಬಿತ್ತು.” ದನಿ ಇಳಿಯಿತು. “ಮೊದಲು ತಟ್ಟಿದ್ದು ನಾನೇ. ನಾನು ಬರೆದದ್ದನ್ನ ನಾಳೆನೇ ಹೊಡೆದುಹಾಕ್ತೀನಿ.”

“ಬೇಡಿ ಮೇಡಂ. ಇಂಗ್ಲಿಷಲ್ಲಿ ಅವಳಿಗೆ ಸಿಕ್ಕಿರೋ ಮೊದಲನೇ ವೆರಿ ಗುಡ್ ಅದು.”

ಬಸ್ಸು ಬಂತು. ಪೇಂಟರ್ ಸರಿದು ದಾರಿ ಬಿಟ್ಟ. ಮೇಡಂ ಅವನ ಮುಖ ನೋಡಲಾರದೆ ಹತ್ತಿಹೋದರು.